ಹಾಡುಹಕ್ಕಿಗೆ ಹಾಡು ಕಲಿಸಿದವರಾರು?

ಮಾರ್ಚ್ ತಿಂಗಳಿಂದ ಮಳೆಗಾಲದ ಮೊದಲ ವಾರಗಳವರೆಗೆ ರಬಾಳೆಯಲ್ಲಿ ನಸುಕಿಗೇ ಎಚ್ಚರಗೊಳ್ಳುವವರ ಕಿವಿಗೆ ಒಂದು ಇಂಪಾದ ಸಿಳ್ಳು ಬೀಳುವುದುಂಟು. ಪೂರ್ವಕ್ಕೆ ಪಾರ್ಸಿಕ್ ಬೆಟ್ಟಸಾಲು, ಪಶ್ಚಿಮಕ್ಕೆ ಥಾಣೆಯ ಖಾಡಿ, ನಡುವೆ ಥಾಣೆ–ಬೇಲಾಪುರ ರಸ್ತೆ, ರೈಲುಹಳಿ, ಔದ್ಯೋಗಿಕ ವಸಾಹತಿನ ಕಾರ್ಖಾನೆಗಳು. ಇಂಥ ಸ್ಥಳದಲ್ಲಿಯೂ ಕಪ್ಪು-ಬಿಳುಪಿನ ಒಂದು ಸಣ್ಣ ಹಕ್ಕಿ ಎತ್ತರದ ಕೊಂಬೆಯನ್ನೋ ದೀಪದ ಕಂಬವನ್ನೋ ಆರಿಸಿಕೊಂಡು, ಬಾಲವನ್ನು ಮೇಲಕ್ಕೆತ್ತಿ, ಬಹಳ ಹೊತ್ತು ಹಾಡುತ್ತದೆ. ಆಗಷ್ಟೇ ಒಗೆದು ಮಡಿಮಾಡಿದಂತೆ ಕಾಣುವ ಅದರ ಬಿಳಿಯ ಪಟ್ಟೆಗಳನ್ನು ಕಂಡೇ ಕನ್ನಡಿಗರು ಅದನ್ನು ಮಡಿವಾಳ ಹಕ್ಕಿ ಎಂದು ಕರೆದಿರಬೇಕು. ಲೋಕಲ್ ಗಾಡಿಗಳ ಓಡಾಟ, ಲಾರಿಗಳ ಭೋಂಕಾರ ಹೆಚ್ಚಿದಂತೆ ಆ ಹಾಡು ಅದರೊಳಗೆ ಮುಳುಗಿಹೋಗುತ್ತದೆ.

ಈ ಹಕ್ಕಿಗೆ ಹಾಡಲು ಕಲಿಸಿದವರಾರು? ಮೀನಿಗೆ ಈಜು ಬಂದಂತೆ ಹಕ್ಕಿಗೆ ಹಾಡು ಹುಟ್ಟಿನಿಂದಲೇ ಬರುತ್ತದೆಂಬುದು ಸಾಮಾನ್ಯರ ನಂಬಿಕೆ. ಆದರೆ ವಿಜ್ಞಾನಿಗಳು ಕಂಡುಕೊಂಡ ಸಂಗತಿ ಬೇರೆ. ಹಾಡುಹಕ್ಕಿಯ ಮರಿಯು ಹಾಡನ್ನು ಹಿರಿಯರಿಂದ ಕೇಳಿ ಕಲಿಯುತ್ತದೆ. ತಕ್ಕ ವಯಸ್ಸಿನಲ್ಲಿ ಕೇಳದಿದ್ದರೆ ಅದು ಸರಿಯಾಗಿ ಹಾಡಲಾರದು. ಮನುಷ್ಯನ ಮಗು ಮಾತು ಕಲಿಯುವ ಬಗೆಯೂ ಇದಕ್ಕೆ ಬಹಳ ಹತ್ತಿರವಾದುದು. ಆದುದರಿಂದ ಹಕ್ಕಿಗಳ ಗಾಯನದ ಸಂಶೋಧನೆಯು ಪಕ್ಷಿಪ್ರೇಮಿಗಳ ವಿನೋದವಾಗಿ ಮಾತ್ರ ಉಳಿಯದೆ, ಮಕ್ಕಳ ಶ್ರವಣ ಮತ್ತು ಮಾತಿನ ಆರೋಗ್ಯಕ್ಕೂ ಸಂಬಂಧಿಸಿದ ವಿಷಯವಾಗಿದೆ. ಊರು ಬಿಟ್ಟು ಬಂದು ಪರನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡ ಕುಟುಂಬಗಳಿಗಂತೂ ಇದರಲ್ಲಿ ತಿಳಿಯತಕ್ಕ ಅಂಶಗಳು ಹಲವಿವೆ.

ಕಾಗೆ ಹಾಡುಹಕ್ಕಿ, ಕೋಗಿಲೆಯಲ್ಲ!

ಹಾಡುಹಕ್ಕಿ ಎಂದೊಡನೆ ಮೊದಲು ನೆನಪಾಗುವುದು ಕೋಗಿಲೆ. ಕಾಗೆ-ಕೋಗಿಲೆಗಳ ಬಣ್ಣ ಒಂದೇ ಆದರೂ ವಸಂತ ಬಂದಾಗ ಅವುಗಳ ಭೇದ ತಿಳಿಯುವುದೆಂದು ಹಿರಿಯರು ಹೇಳಿದ್ದಾರೆ. ಆದರೆ ಪಕ್ಷಿಶಾಸ್ತ್ರಜ್ಞರ ವರ್ಗೀಕರಣದಲ್ಲಿ ಕೋಗಿಲೆಗೆ ಹಾಡುಹಕ್ಕಿಗಳ ಗುಂಪಿನಲ್ಲಿ ಸ್ಥಾನವಿಲ್ಲ, ಕಾಗೆಗೆ ಇದೆ! ಜಗತ್ತಿನ ಹಕ್ಕಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, ಎಂದರೆ ಸುಮಾರು 5,000 ಜಾತಿಗಳು ಈ ಗುಂಪಿಗೆ ಸೇರುತ್ತವೆ. ಗುಬ್ಬಚ್ಚಿ, ಮಡಿವಾಳ, ಪಿಕಳಾರ, ಗೊರವಂಕ, ಸೂರಕ್ಕಿ, ಕಾಜಾಣ, ಕಾಗೆ ಇವೆಲ್ಲ ಒಂದೇ ಬಳಗದವು. ಇಂಪಾಗಿ ಹಾಡುವುದು ಇವುಗಳ ಲಕ್ಷಣವಲ್ಲ. ಧ್ವನಿಯಂಗದ ಸ್ನಾಯುಗಳ ವಿಶೇಷ ರಚನೆಯೂ, ಕೇಳಿದ್ದನ್ನು ಕಲಿಯಲು ಮಿದುಳಿನಲ್ಲಿರುವ ಪ್ರತ್ಯೇಕ ಕೇಂದ್ರಗಳೂ ಇವುಗಳ ಲಕ್ಷಣ.

ಕೋಗಿಲೆಯ ಮರಿ ಬೆಳೆಯುವುದು ಕಾಗೆಯ ಗೂಡಿನಲ್ಲಿ. ಕಣ್ಣು ಬಿಡುವ ಮೊದಲಿಂದ ರೆಕ್ಕೆ ಬಲಿಯುವವರೆಗೆ ಅದರ ಕಿವಿಗೆ ಬೀಳುವುದು ಸಾಕುತಾಯಿಯ ಕಾಕಾ ರವವೇ. ಹಾಗಿದ್ದೂ ಪ್ರಾಯಕ್ಕೆ ಬಂದ ಗಂಡು ಕೋಗಿಲೆ ಕುಹೂ ಎನ್ನುತ್ತದೆಯೇ ಹೊರತು ಕಾಕಾ ಎನ್ನುವುದಿಲ್ಲ. ಅದರ ಕೂಗು ಹುಟ್ಟಿನಿಂದ ಬಂದದ್ದು. ಅದಕ್ಕೆ ಗುರು ಬೇಕಿಲ್ಲ. ಹಾಡುಹಕ್ಕಿಗಳ ಸ್ಥಿತಿ ಹಾಗಲ್ಲ. ಕೇಳಿ ಕಲಿಯುವ ಸಾಮರ್ಥ್ಯ ಪ್ರಾಣಿಪ್ರಪಂಚದಲ್ಲಿ ಅತಿ ವಿರಳ. ಹಕ್ಕಿಗಳಲ್ಲಿ ಹಾಡುಹಕ್ಕಿ, ಗಿಳಿ ಮತ್ತು ಅಮೆರಿಕದ ಝೇಂಕಾರದ ಹಕ್ಕಿ. ಸಸ್ತನಿಗಳಲ್ಲಿ ತಿಮಿಂಗಿಲ, ಡಾಲ್ಫಿನ್, ಬಾವಲಿ, ಆನೆ, ಸೀಲ್ ಮುಂತಾದ ಕೆಲವು, ಮತ್ತು ಮನುಷ್ಯ. ಮನುಷ್ಯನಿಗೆ ಅತಿ ಸಮೀಪದ ಬಂಧುಗಳಾದ ವಾನರಗಳಲ್ಲಿಯೂ ಈ ಶಕ್ತಿ ತೀರ ಕಡಮೆ. ಮಾತಿನ ಮೂಲವನ್ನು ಅರಸುವ ವಿಜ್ಞಾನಿಗಳು ಕೋತಿಯನ್ನು ಬಿಟ್ಟು ಗುಬ್ಬಿಯತ್ತ ತಿರುಗಿದುದಕ್ಕೆ ಇದೇ ಕಾರಣ.

ಮನುಷ್ಯನ ಧ್ವನಿಪೆಟ್ಟಿಗೆ ಶ್ವಾಸನಾಳದ ಮೇಲ್ತುದಿಯಲ್ಲಿದೆ. ಹಕ್ಕಿಯ ಧ್ವನಿಯಂಗವಾದ ಸಿರಿಂಕ್ಸ್, ಶ್ವಾಸನಾಳವು ಎರಡಾಗಿ ಕವಲೊಡೆದು ಶ್ವಾಸಕೋಶಗಳಿಗೆ ಹೋಗುವ ಸಂಧಿಯಲ್ಲಿದೆ. ಎರಡು ಕವಲುಗಳಲ್ಲಿಯೂ ಬೇರೆ ಬೇರೆಯಾಗಿ ನಾದವನ್ನು ಹುಟ್ಟಿಸುವ ಸೌಕರ್ಯ ಹಾಡುಹಕ್ಕಿಗಿದೆ. ಒಂದೇ ಕೊರಳಿನಿಂದ ಏಕಕಾಲದಲ್ಲಿ ಎರಡು ಸ್ವರಗಳನ್ನು ಹೊರಡಿಸುವ ಹಕ್ಕಿಗಳಿರುವುದು ಹೀಗೆ.

ಹಾಡಿನ ಉದ್ದೇಶ

ಹಕ್ಕಿಯ ಧ್ವನಿಗಳಲ್ಲಿ ಕೂಗು ಮತ್ತು ಹಾಡು ಎಂದು ಎರಡು ಬಗೆ. ಹದ್ದು ಬಂತೆಂದು ಎಚ್ಚರಿಸುವುದು, ಮರಿಯು ಗುಟುಕು ಬೇಡುವುದು, ಗುಂಪನ್ನು ಕೂಡಿಸುವುದು ಇವೆಲ್ಲ ಕೂಗುಗಳು. ಇವು ಚಿಕ್ಕವು, ಬಹುಪಾಲು ಹುಟ್ಟಿನಿಂದ ಬಂದವು. ಹಾಡಾದರೋ ದೀರ್ಘವಾದುದು, ಕ್ರಮಬದ್ಧವಾದುದು. 'ಈ ತೋಟ ನನ್ನದು, ಅನ್ಯರು ಬರಕೂಡದು' ಎಂದು ಇತರ ಗಂಡುಗಳಿಗೆ ಸಾರುವುದೂ, ಸಂಗಾತಿಯನ್ನು ಆಹ್ವಾನಿಸುವುದೂ ಅದರ ಎರಡು ಮುಖ್ಯ ಉದ್ದೇಶಗಳು. ಗಂಡು ಮಾತ್ರ ಹಾಡುತ್ತದೆಂಬ ಅಭಿಪ್ರಾಯ ಬಹುಕಾಲ ಪ್ರಚಲಿತವಾಗಿತ್ತು. 2014ರಲ್ಲಿ ಪ್ರಕಟವಾದ ಒಂದು ವ್ಯಾಪಕ ಸಮೀಕ್ಷೆಯು ಇದನ್ನು ತಿದ್ದಿತು. ಮಾಹಿತಿ ದೊರೆತ ಹಾಡುಹಕ್ಕಿ ಜಾತಿಗಳಲ್ಲಿ ಶೇಕಡಾ 71ರಲ್ಲಿ ಹೆಣ್ಣೂ ಹಾಡುವುದೆಂದು ಅದರಿಂದ ತಿಳಿದುಬಂತು. ಮೊದಲಿನ ಅಧ್ಯಯನಗಳು ಬಹುಪಾಲು ಯುರೋಪು ಮತ್ತು ಉತ್ತರ ಅಮೆರಿಕಗಳ ಶೀತಪ್ರದೇಶದ ಹಕ್ಕಿಗಳನ್ನು ಕುರಿತವಾಗಿದ್ದುದರಿಂದ ಹೆಣ್ಣುಗಳ ಹಾಡು ವಿದ್ವಾಂಸರ ಗಮನಕ್ಕೆ ಸಾಕಷ್ಟು ಬಂದಿರಲಿಲ್ಲ.

ಪ್ರಯೋಗಗಳ ಕಥೆ

ಹಕ್ಕಿ ಹಾಡನ್ನು ಕಲಿಯುತ್ತದೆಯೇ ಎಂದು ಮೊತ್ತಮೊದಲು ಪ್ರಯೋಗ ಮಾಡಿ ನೋಡಿದವರಲ್ಲಿ ಇಂಗ್ಲೆಂಡಿನ ನ್ಯಾಯವಾದಿ ಡೇನ್ಸ್ ಬ್ಯಾರಿಂಗ್ಟನ್ ಒಬ್ಬನು. ಲಿನೆಟ್ ಎಂಬ ಪುಟ್ಟ ಹಕ್ಕಿಯ ಮರಿಗಳನ್ನು ಆತನು ಬಾನಾಡಿ ಮುಂತಾದ ಬೇರೆ ಜಾತಿಯ ಹಕ್ಕಿಗಳ ಸಂಗಡ ಬೆಳೆಸಿದನು. ಮರಿಗಳು ತಮ್ಮ ಕುಲದ ಹಾಡನ್ನು ಹಾಡದೆ ಸಾಕಿದ ಹಕ್ಕಿಯ ಹಾಡನ್ನೇ ಹಾಡಿದವು. ಈ ವಿಷಯವನ್ನು ಆತನು 1773ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದನು. 1871ರಲ್ಲಿ ಚಾರ್ಲ್ಸ್ ಡಾರ್ವಿನ್ ಇದನ್ನು ಸ್ಮರಿಸಿ, ಮರಿಹಕ್ಕಿಯ ಮೊದಲ ಗಾನಪ್ರಯತ್ನವು ಮಗುವಿನ ತೊದಲನ್ನು ಹೋಲುವುದೆಂದು ಎತ್ತಿಹೇಳಿದನು.

ಮುಂದಿನ ಹೆಜ್ಜೆಗೆ ಯಂತ್ರವೊಂದು ಬೇಕಾಯಿತು. ಧ್ವನಿಯನ್ನು ಕಾಗದದ ಮೇಲೆ ಚಿತ್ರವಾಗಿ ಮೂಡಿಸುವ ಉಪಕರಣವು ಎರಡನೆಯ ಮಹಾಯುದ್ಧದ ಅನಂತರ ವಿಜ್ಞಾನಿಗಳ ಕೈಗೆ ಬಂದಿತು. 1950ರ ದಶಕದಲ್ಲಿ ಕೇಂಬ್ರಿಜ್‌ನ ವಿಲಿಯಂ ಥಾರ್ಪ್ ಇದರ ನೆರವಿನಿಂದ ಚಾಫಿಂಚ್ ಹಕ್ಕಿಯ ಮರಿಗಳನ್ನು ಅಭ್ಯಾಸ ಮಾಡಿದರು. ಹಿರಿಯ ಹಕ್ಕಿಯ ದನಿ ಕೇಳದಂತೆ ಒಂಟಿಯಾಗಿ ಬೆಳೆಸಿದ ಮರಿಗಳು ಹಾಡಿದವು. ಆದರೆ ಆ ಹಾಡು ಸರಳವಾಗಿ, ವಿಕಾರವಾಗಿ ಇದ್ದಿತು.

ಥಾರ್ಪ್ ಅವರ ಶಿಷ್ಯ ಪೀಟರ್ ಮಾರ್ಲರ್ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಹೋಗಿ ತಲೆಯ ಮೇಲೆ ಬಿಳಿ ಪಟ್ಟೆಗಳುಳ್ಳ ಗುಬ್ಬಿಗಳನ್ನು ಪರಿಶೀಲಿಸಿದರು. ಸಾನ್‌ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತ ಒಂದೊಂದು ಎಡೆಯ ಗುಬ್ಬಿಗಳು ಒಂದೊಂದು ರೀತಿ ಹಾಡುತ್ತಿದ್ದವು. ಧಾರವಾಡದ ಕನ್ನಡ, ಮೈಸೂರಿನ ಕನ್ನಡ, ಮಂಗಳೂರಿನ ಕನ್ನಡ ಎಂಬಂತೆ ಹಕ್ಕಿಗಳಿಗೂ ಪ್ರಾದೇಶಿಕ ನುಡಿಭೇದಗಳಿವೆಯೆಂದು ಮಾರ್ಲರ್ ಮತ್ತು ಮಿವಾಕೊ ತಮುರಾ 1964ರಲ್ಲಿ ಪ್ರಕಟಿಸಿದರು. ಎಳೆಯ ಮರಿಗೆ ಯಾವ ಎಡೆಯ ಹಾಡನ್ನು ಕೇಳಿಸಿದರೆ ಅದೇ ಹಾಡು ಅದಕ್ಕೆ ಬರುತ್ತಿತ್ತು. ಆದರೆ ಅದಕ್ಕೊಂದು ಕಾಲಮಿತಿ ಇದ್ದಿತು. ಧ್ವನಿಮುದ್ರಿತ ಪಾಠವು ಹುಟ್ಟಿದ ಸುಮಾರು 10ನೆಯ ದಿನದಿಂದ 50ನೆಯ ದಿನದೊಳಗೆ ಕಿವಿಗೆ ಬಿದ್ದರೆ ಫಲಿಸುತ್ತಿತ್ತು. ಆಮೇಲೆ ಎಷ್ಟು ಕೇಳಿಸಿದರೂ ವ್ಯರ್ಥವಾಗುತ್ತಿತ್ತು. ವಿಶೇಷವೆಂದರೆ ಆ ದಿನಗಳಲ್ಲಿ ಮರಿಯು ಇನ್ನೂ ಹಾಡಲು ಆರಂಭಿಸಿಯೇ ಇರುವುದಿಲ್ಲ. ಮೊದಲು ಕೇಳಿ ನೆನಪಿನಲ್ಲಿಟ್ಟುಕೊಂಡು, ತಿಂಗಳುಗಳ ಅನಂತರ ಆ ನೆನಪಿಗೆ ತನ್ನ ದನಿಯನ್ನು ಹೊಂದಿಸಿಕೊಳ್ಳುತ್ತದೆ.

ಹೊಂದಿಸಿಕೊಳ್ಳುವುದಾದರೂ ಹೇಗೆ? ತನ್ನ ಹಾಡನ್ನು ತಾನೇ ಕೇಳಿ. ಮಾಸಕಾಝು ಕೊನಿಶಿ 1965ರಲ್ಲಿ ಇದನ್ನು ಖಚಿತಪಡಿಸಿದರು. ಪಾಠ ಕೇಳಿದ್ದರೂ ಹಾಡಲು ತೊಡಗುವ ಮೊದಲೇ ಕಿವುಡಾದ ಗುಬ್ಬಿಯ ಹಾಡು ಬರಿಯ ಗದ್ದಲವಾಯಿತು. ಹಾಡು ಗಟ್ಟಿಯಾದ ಮೇಲೆ ಕಿವುಡಾದ ಗುಬ್ಬಿ ಮಾತ್ರ ಬಹುಮಟ್ಟಿಗೆ ಸರಿಯಾಗಿ ಹಾಡುತ್ತಲೇ ಹೋಯಿತು. ಹುಟ್ಟುಕಿವುಡನಾದ ಮಗು ಗಂಟಲಿನಲ್ಲಿ ಯಾವ ದೋಷವಿಲ್ಲದಿದ್ದರೂ ಮೂಕನಾಗಿ ಉಳಿಯುವುದೂ, ದೊಡ್ಡವನಾದ ಮೇಲೆ ಕಿವಿ ಕಳೆದುಕೊಂಡವನು ಮಾತನ್ನು ಉಳಿಸಿಕೊಳ್ಳುವುದೂ ಇದೇ ನಿಯಮಕ್ಕೆ ಒಳಪಟ್ಟಿವೆ.

ಮಿದುಳಿನೊಳಗಿನ ಪಾಠಶಾಲೆ

ಈ ಕಲಿಕೆ ನಡೆಯುವ ಸ್ಥಳವನ್ನು ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಫರ್ನಾಂಡೊ ನಾಟೆಬಾಮ್ ಮತ್ತು ಸಂಗಡಿಗರು ಕೆನರಿ ಹಕ್ಕಿಯ ಮಿದುಳಿನಲ್ಲಿ ಗುರುತಿಸಿ 1976ರಲ್ಲಿ ಪ್ರಕಟಿಸಿದರು. ಒಂದಕ್ಕೊಂದು ನರತಂತುಗಳಿಂದ ಹೊಂದಿಕೊಂಡ ಹಲವು ಕೇಂದ್ರಗಳು ಅಲ್ಲಿವೆ. ಕೆಲವು ಹಾಡನ್ನು ಹೊರಡಿಸಲು, ಕೆಲವು ಹಾಡನ್ನು ಕಲಿಯಲು ಮೀಸಲು. 1983ರಲ್ಲಿ ನಾಟೆಬಾಮ್ ಮತ್ತು ಸ್ಟೀವನ್ ಗೋಲ್ಡ್‌ಮನ್, ಬೆಳೆದ ಕೆನರಿಯ ಮಿದುಳಿನಲ್ಲಿ ಹೊಸ ನರಕೋಶಗಳು ಹುಟ್ಟುವುದನ್ನು ತೋರಿಸಿದರು. ಪ್ರಾಯ ಕಳೆದ ಮೇಲೆ ಮಿದುಳಿನಲ್ಲಿ ಹೊಸ ಕೋಶ ಹುಟ್ಟದೆಂಬ ಹಳೆಯ ನಂಬಿಕೆಯನ್ನು ಅಲುಗಿಸಿದ ಕೀರ್ತಿ ಈ ಪುಟ್ಟ ಪಂಜರದ ಹಕ್ಕಿಗೆ ಸಲ್ಲುತ್ತದೆ.

ಮಾತಿನ ರೋಗಗಳ ಅಧ್ಯಯನಕ್ಕೂ ಹಕ್ಕಿ ನೆರವಾಗಿದೆ. ಲಂಡನ್ನಿನ ಒಂದು ಕುಟುಂಬದಲ್ಲಿ ಮೂರು ತಲೆಮಾರುಗಳಿಂದ ಸುಮಾರು ಅರ್ಧದಷ್ಟು ಜನರಿಗೆ ಸ್ಪಷ್ಟವಾಗಿ ಮಾತನಾಡಲು ಆಗುತ್ತಿರಲಿಲ್ಲ. ಫಾಕ್ಸ್‌ಪಿ2 ಎಂಬ ವಂಶವಾಹಿಯ ದೋಷವೇ ಅದಕ್ಕೆ ಕಾರಣವೆಂದು 2001ರಲ್ಲಿ ತಿಳಿಯಿತು. ಅದೇ ವಂಶವಾಹಿ ಹಕ್ಕಿಗಳಲ್ಲಿಯೂ ಇದೆ. ಜೀಬ್ರಾ ಫಿಂಚ್ ಮರಿಗಳ ಮಿದುಳಿನ ಕಲಿಕೆಯ ಕೇಂದ್ರದಲ್ಲಿ ಅದರ ಕೆಲಸವನ್ನು ಕುಂಠಿತಗೊಳಿಸಿದಾಗ ಮರಿಗಳು ಗುರುವಿನ ಹಾಡನ್ನು ಅರೆಬರೆಯಾಗಿ, ತಪ್ಪುತಪ್ಪಾಗಿ ಕಲಿತವೆಂದು ಬರ್ಲಿನ್ನಿನ ಸಂಶೋಧಕರು 2007ರಲ್ಲಿ ವರದಿ ಮಾಡಿದರು. ಭಾರತದಲ್ಲಿಯೂ ಈ ಕೆಲಸ ನಡೆದಿದೆ. ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದಲ್ಲಿ ಸೌಮ್ಯಾ ಅಯ್ಯಂಗಾರ್ ಮತ್ತು ಸಂಗಡಿಗರು ಜೀಬ್ರಾ ಫಿಂಚ್‌ನ ಮಿದುಳಿನೊಡನೆ ಊರುಕಾಗೆಯ ಮಿದುಳನ್ನೂ ಅಭ್ಯಾಸ ಮಾಡಿದ್ದಾರೆ.

ಬಿಳಿಗಿರಿಯ ಭೀಮರಾಜ

ಪ್ರಯೋಗಾಲಯದ ಹೊರಗೆ, ಕಾಡಿನಲ್ಲಿ ನಡೆದ ಸಂಶೋಧನೆಗಳಿಗೆ ಕರ್ನಾಟಕವೇ ಒಂದು ಉತ್ತಮ ನಿದರ್ಶನವನ್ನು ಒದಗಿಸಿದೆ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಕಾಡುಗಳಲ್ಲಿ ಭೀಮರಾಜನೆಂಬ ಕಾಜಾಣವಿದೆ. ಬಾಲದಿಂದ ಎರಡು ಉದ್ದ ತಂತಿಗಳು ಹೊರಟು ತುದಿಯಲ್ಲಿ ಚಿಕ್ಕ ಗರಿಗಳ ಬಿಲ್ಲೆಗಳಾಗಿ ಕೊನೆಗೊಳ್ಳುವ ಈ ಕರಿಯ ಹಕ್ಕಿ ಅನುಕರಣ ವಿದ್ಯೆಯಲ್ಲಿ ನಿಸ್ಸೀಮ. ತನ್ನ ಹಾಡಿನ ನಡುನಡುವೆ ಇತರ ಹಕ್ಕಿಗಳ ದನಿಗಳನ್ನು ಹೆಣೆದು ಹಾಡುವುದರಿಂದ, ಮರೆಯಲ್ಲಿ ನಿಂತು ಕೇಳುವವನಿಗೆ ಅಲ್ಲಿ ಹಲವು ಹಕ್ಕಿಗಳು ನೆರೆದಿವೆಯೆಂಬ ಭ್ರಾಂತಿಯಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಮೀರಾ ಅಗ್ನಿಹೋತ್ರಿ, ರೋಹಿಣಿ ಬಾಲಕೃಷ್ಣನ್ ಮತ್ತು ಸಂಗಡಿಗರು ಈ ಅನುಕರಣೆಯನ್ನು ಅಳೆಯುವ ಬಗೆಯನ್ನು ಪರೀಕ್ಷಿಸಿ, ಕಂಪ್ಯೂಟರ್ ನೀಡುವ ತೀರ್ಪನ್ನು ಮನುಷ್ಯನ ಕಿವಿಯ ತೀರ್ಪಿನೊಡನೆ ಹೋಲಿಸಿ 2014ರಲ್ಲಿ ಪ್ರಕಟಿಸಿದರು. ಅದೇ ಬೆಟ್ಟದ ನಿವಾಸಿಗಳಾದ ಸೋಲಿಗರು ಹಕ್ಕಿಗಳನ್ನು ಕುರಿತು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಜ್ಞಾನವನ್ನೂ ಸಮೀರಾ ಅವರು ಭಾಷಾವಿಜ್ಞಾನಿ ಆಂಗ್ ಸಿ ಅವರೊಡನೆ ದಾಖಲಿಸಿದ್ದಾರೆ. ಆ ಜ್ಞಾನವೂ ಹಕ್ಕಿಯ ಹಾಡಿನಂತೆಯೇ ಪುಸ್ತಕದಲ್ಲಿರಲಿಲ್ಲ. ಹಿರಿಯರ ಬಾಯಿಯಿಂದ ಕಿರಿಯರ ಕಿವಿಗೆ ಹರಿದು ಬಂದದ್ದು.

ಪಶ್ಚಿಮಘಟ್ಟಗಳ ದಕ್ಷಿಣದ ಎತ್ತರದ ಶೋಲಾ ಕಾಡುಗಳಲ್ಲಿ ವಿ. ವಿ. ರಾಬಿನ್ ಮತ್ತು ಚೇತನಾ ಪುರುಷೋತ್ತಮ್ ಮತ್ತೊಂದು ಸಂಗತಿಯನ್ನು ಕಂಡರು. ಅಲ್ಲಿ ಬಿಳಿಹೊಟ್ಟೆಯ ಪುಟ್ಟ ಹಾಡುಹಕ್ಕಿಯೊಂದು ಬೆಟ್ಟದ ತುದಿಗಳಲ್ಲಿ ಮಾತ್ರ, ಕಡಲ ನಡುವಣ ದ್ವೀಪವಾಸಿಯಂತೆ ಬದುಕುತ್ತದೆ. ಪ್ರಾಚೀನ ಕಣಿವೆಗಳಿಂದ ಬೇರ್ಪಟ್ಟ ಗುಂಪುಗಳ ಹಾಡಿನಲ್ಲಿ ಭೇದವಿರುವುದು ಸಹಜ. ಆದರೆ ಮನುಷ್ಯನು ಕಾಡು ಕಡಿದುದರಿಂದ ಈಚೆಗೆ ಬೇರ್ಪಟ್ಟ ಗುಂಪುಗಳ ಹಾಡಿನ ಲಕ್ಷಣಗಳಲ್ಲಿಯೂ ಬೇರೆ ಬಗೆಯ ವ್ಯತ್ಯಾಸಗಳಿರುವುದು 2016ರಲ್ಲಿ ಪ್ರಕಟವಾದ ಅವರ ಅಧ್ಯಯನದಿಂದ ತಿಳಿದುಬಂತು. ಕಲಿತು ಬರುವ ಹಾಡು, ಒಬ್ಬರನ್ನೊಬ್ಬರು ಕೇಳುವುದು ನಿಂತೊಡನೆ ಬೇರೆ ದಾರಿ ಹಿಡಿಯಬಲ್ಲುದು.

ಯಂತ್ರದ ದನಿ, ಗುರುವಿನ ದನಿ

ಮಾರ್ಲರ್ ಅವರ ಮರಿಗಳು 50 ದಿನಗಳ ಮೇಲೆ ಧ್ವನಿವರ್ಧಕದಿಂದ ಕಲಿಯಲಿಲ್ಲವಷ್ಟೆ? 1984ರಲ್ಲಿ ಲೂಯಿಸ್ ಬ್ಯಾಪ್ಟಿಸ್ಟಾ ಮತ್ತು ಲೂಯಿಸ್ ಪೆಟ್ರಿನೋವಿಚ್ ಅದೇ ವಯಸ್ಸು ಮೀರಿದ ಮರಿಗಳ ಪಂಜರದ ಪಕ್ಕದಲ್ಲಿ ಜೀವಂತ ಹಕ್ಕಿಯನ್ನೇ ಇಟ್ಟರು. ಮರಿಗಳು ಕಲಿತವು. ಬೇರೆ ಜಾತಿಯ ಗುರುವಿನ ಹಾಡನ್ನು ಕೂಡ ಕಲಿತವು! ಕಣ್ಣೆದುರು ಕುಳಿತು ಓಗೊಡುವ ಗುರುವಿಗಿರುವ ಶಕ್ತಿ ಯಂತ್ರಕ್ಕಿಲ್ಲ. 2016ರಲ್ಲಿ ಕೆನಡಾದ ಸಂಶೋಧಕರು ಇನ್ನೊಂದು ಅಂಶವನ್ನು ಗಮನಿಸಿದರು. ಹಿರಿಯ ಜೀಬ್ರಾ ಫಿಂಚ್ ಮರಿಯ ಎದುರು ಹಾಡುವಾಗ ಪದಗಳ ನಡುವೆ ಹೆಚ್ಚು ಬಿಡುವು ಕೊಟ್ಟು ನಿಧಾನವಾಗಿ ಹಾಡುತ್ತದೆ. ತಾಯಿ ತನ್ನ ಕೂಸಿನೊಡನೆ ಎಳೆದೆಳೆದು ಆಡುವ ಮುದ್ದುಮಾತಿಗೆ ಇದು ಸಮಾನವಾದುದು.

ಮನುಷ್ಯನ ಮಕ್ಕಳಲ್ಲಿಯೂ ಫಲಿತಾಂಶ ಬೇರೆಯಾಗಲಿಲ್ಲ. 2003ರಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಅಮೆರಿಕದ ಒಂಬತ್ತು ತಿಂಗಳ ಕೂಸುಗಳಿಗೆ 12 ಸಲ ಚೀನೀ ಭಾಷೆಯನ್ನು ಕೇಳಿಸಿದರು. ಎದುರು ಕುಳಿತು ಆಟವಾಡಿಸುತ್ತ ಮಾತನಾಡಿದವರಿಂದ ಕೂಸುಗಳು ಆ ಭಾಷೆಯ ಧ್ವನಿಭೇದಗಳನ್ನು ಗ್ರಹಿಸಿದವು. ಅದೇ ಜನರ ಅದೇ ಮಾತನ್ನು ದೂರದರ್ಶನದ ಪರದೆಯಲ್ಲಿ ನೋಡಿದ ಕೂಸುಗಳಾಗಲಿ, ಧ್ವನಿಮುದ್ರಿಕೆಯಲ್ಲಿ ಕೇಳಿದ ಕೂಸುಗಳಾಗಲಿ ಏನನ್ನೂ ಕಲಿಯಲಿಲ್ಲ.

ಕಾಲಮಿತಿಯ ವಿಷಯದಲ್ಲಿ ಇದಕ್ಕೂ ಹಿಂದಿನದಾದ ಒಂದು ಪ್ರಯೋಗ ಭಾರತೀಯರಿಗೆ ಹತ್ತಿರವಾದುದು. ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ ತಕಾರ-ಟಕಾರಗಳನ್ನು ಕೇಳಿಸಲಾಯಿತು. ಆರರಿಂದ ಎಂಟು ತಿಂಗಳ ಕೂಸುಗಳು ಆ ಭೇದವನ್ನು ಚೆನ್ನಾಗಿ ಗುರುತಿಸಿದವು. ಹುಟ್ಟುಹಬ್ಬದ ಹೊತ್ತಿಗೆ ಬಹುಪಾಲು ಕೂಸುಗಳಿಗೆ ಆ ಶಕ್ತಿ ಉಳಿದಿರಲಿಲ್ಲ. ಕೇಳದೆ ಇದ್ದುದನ್ನು ಕಿವಿ ಬಿಟ್ಟುಕೊಟ್ಟಿತ್ತು. ನಗರಗಳಲ್ಲಿ ಬೆಳೆದ ಮಕ್ಕಳು 'ಹಳ್ಳಿ'ಯನ್ನು 'ಹಲ್ಲಿ' ಮಾಡಿದಾಗ ಹಿರಿಯರು ನಗುವುದುಂಟು. ದೋಷ ಮಕ್ಕಳ ನಾಲಗೆಯಲ್ಲಿಲ್ಲ. ಆ ಕಿವಿಗೆ ಳಕಾರವು ಸಾಕಷ್ಟು ಬಿದ್ದಿಲ್ಲ, ಅಷ್ಟೆ. ಮರಾಠಿಯಲ್ಲಿಯೂ ಳಕಾರ ಇರುವುದರಿಂದ, ನೆರೆಮನೆಯ ಆಜಿಯ ಮಾತು ಕೂಡ ಈ ವಿಷಯದಲ್ಲಿ ಕನ್ನಡದ ಕೂಸಿಗೆ ಉಪಕಾರಿಯೇ.

ಗದ್ದಲದ ಹಾನಿ

ರಬಾಳೆಯಂಥ ಔದ್ಯೋಗಿಕ ಪರಿಸರದಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಕಲಿಯಬೇಕಾದ ದನಿ ಗದ್ದಲದಲ್ಲಿ ಮುಳುಗಿದರೆ ಗತಿಯೇನು? ಹಾಲೆಂಡಿನ ಲೈಡನ್ ನಗರದಲ್ಲಿ, ಗದ್ದಲ ಹೆಚ್ಚಿರುವ ಬೀದಿಗಳ ಟಿಟ್ ಹಕ್ಕಿಗಳು ತಗ್ಗಿನ ಸ್ವರಗಳನ್ನು ಬಿಟ್ಟು ಏರುಸ್ವರದಲ್ಲಿ ಹಾಡುವುದು 2003ರಲ್ಲಿ ಕಂಡುಬಂತು. ವಾಹನಗಳ ಸದ್ದು ತಗ್ಗಿನ ಸ್ವರಗಳನ್ನೇ ಮುಚ್ಚುವುದರಿಂದ ಅವು ಹೀಗೆ ದಾರಿ ಹುಡುಕಿಕೊಂಡವು. 2020ರಲ್ಲಿ ಕೋವಿಡ್ ನಿಮಿತ್ತ ಸಾನ್‌ಫ್ರಾನ್ಸಿಸ್ಕೋ ಸ್ತಬ್ಧವಾದಾಗ, ಮಾರ್ಲರ್ ಅವರು ಅಭ್ಯಾಸ ಮಾಡಿದ್ದ ಅದೇ ಜಾತಿಯ ಗುಬ್ಬಿಗಳು ಮೆಲುದನಿಯಲ್ಲಿ, ಹೆಚ್ಚು ಸೊಗಸಾಗಿ ಹಾಡತೊಡಗಿದವು. ದನಿ ತಗ್ಗಿದರೂ ಅದು ಮುಟ್ಟುವ ದೂರ ಮೊದಲಿನ ಎರಡರಷ್ಟಾಯಿತು.

ಇವು ಹೊಂದಿಕೊಳ್ಳಬಲ್ಲ ಬೆಳೆದ ಹಕ್ಕಿಗಳ ಕಥೆ. ಮರಿಗಳ ಕಥೆ ಅಷ್ಟು ಸುಖದ್ದಲ್ಲ. ವಾಹನಗಳ ಸದ್ದಿನ ನಡುವೆ ಬೆಳೆಸಿದ ಜೀಬ್ರಾ ಫಿಂಚ್ ಮರಿಗಳು ಹಾಡನ್ನು ತಡವಾಗಿ ಕಲಿತವು, ಕಲಿತದ್ದರಲ್ಲಿ ತಪ್ಪುಗಳಿದ್ದವು. ಅವುಗಳ ರೋಗನಿರೋಧಕ ಶಕ್ತಿಯೂ ಕುಂದಿತ್ತು ಎಂದು 2021ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವು ತಿಳಿಸುತ್ತದೆ. ಭಾರತದಲ್ಲಿ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಔದ್ಯೋಗಿಕ ಪ್ರದೇಶದಲ್ಲಿ 75 ಮತ್ತು 70. ಕಾರ್ಖಾನೆಗಳೂ ಮನೆಗಳೂ ಒಂದೇ ರಸ್ತೆಯ ಎರಡು ಬದಿಯಲ್ಲಿರುವಲ್ಲಿ ಈ ಎರಡು ಅಂಕೆಗಳ ನಡುವಿನ ಅಂತರವನ್ನು ಗೋಡೆಯೊಂದು ಕಾಯಲಾರದು. ಹೊರಗಿನ ಸದ್ದನ್ನು ತಡೆಯುವುದು ಒಂದು ಕುಟುಂಬದ ಕೈಯಲ್ಲಿಲ್ಲ. ಆದರೆ ಇಡೀ ದಿನ ದೂರದರ್ಶನವನ್ನು ಹಚ್ಚಿಟ್ಟು ಮನೆಯೊಳಗೆ ಇನ್ನೊಂದು ಹೆದ್ದಾರಿ ಮಾಡಿಕೊಳ್ಳುವುದನ್ನು ತಪ್ಪಿಸಬಹುದು.

ಹಿರಿಯರಿಲ್ಲದ ಕಾಡು

ಆಸ್ಟ್ರೇಲಿಯಾದಲ್ಲಿ ರೀಜೆಂಟ್ ಎಂಬ ಹೆಸರಿನ ಜೇನುಬಾಕ ಹಕ್ಕಿಯಿದೆ. ಒಂದು ಕಾಲಕ್ಕೆ ದೊಡ್ಡ ಗುಂಪುಗಳಲ್ಲಿ ಹಾರಾಡುತ್ತಿದ್ದ ಈ ಹಕ್ಕಿ ಕಾಡು ನಾಶವಾದಂತೆ ಕೆಲವೇ ನೂರರ ಸಂಖ್ಯೆಗೆ ಇಳಿದು, ವಿಶಾಲ ಪ್ರದೇಶದಲ್ಲಿ ಚದುರಿಹೋಯಿತು. 2021ರಲ್ಲಿ ರಾಸ್ ಕ್ರೇಟ್ಸ್ ಮತ್ತು ಸಂಗಡಿಗರು ಇದರ ಬಗೆಗೆ ಪ್ರಕಟಿಸಿದ ವರದಿ ವಿಷಾದಕರವಾದುದು. ಗಂಡುಗಳಲ್ಲಿ ಸುಮಾರು ಶೇಕಡಾ 12ಕ್ಕೆ ತಮ್ಮ ಕುಲದ ಹಾಡೇ ತಿಳಿಯದು. ಅವು ನೆರೆಯ ಬೇರೆ ಜಾತಿಗಳ ಹಾಡುಗಳನ್ನು ಹಾಡುತ್ತಿದ್ದವು. ಅವುಗಳ ಕೊರಳಿನಲ್ಲಾಗಲಿ ಮಿದುಳಿನಲ್ಲಾಗಲಿ ಕೊರತೆಯಿರಲಿಲ್ಲ. ಕಲಿಯುವ ದಿನಗಳಲ್ಲಿ ಸುತ್ತಮುತ್ತ ಹಾಡುವ ಹಿರಿಯನಿರಲಿಲ್ಲ. ಹಾಡು ಬಾರದ ಗಂಡುಗಳಿಗೆ ಸಂಗಾತಿ ದೊರೆಯುವುದೂ ಕಡಮೆಯಾಯಿತು. ಪಂಜರದಲ್ಲಿ ಬೆಳೆಸಿದ ಮರಿಗಳಿಗೆ ಸರಿಯಾದ ಹಾಡನ್ನು ಕೇಳಿಸಿ ಕಲಿಸಿ ಕಾಡಿಗೆ ಬಿಡುವ ಪ್ರಯತ್ನವನ್ನು ಅಲ್ಲಿಯ ವಿಜ್ಞಾನಿಗಳು ಕೈಗೊಂಡರು.

ಉಪಮಾನಕ್ಕೂ ಒಂದು ಮೇರೆಯಿದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಹಕ್ಕಿಯ ಹಾಡಿಗೆ ಮನುಷ್ಯನ ಭಾಷೆಯಂತೆ ವ್ಯಾಕರಣ, ಅರ್ಥವಿಸ್ತಾರಗಳಿಲ್ಲ. ಮನುಷ್ಯನ ಕಿಟಕಿ ಗುಬ್ಬಿಯದರಂತೆ 50 ದಿನಗಳಿಗೆ ಮುಚ್ಚುವುದೂ ಇಲ್ಲ; ದೊಡ್ಡವರಾದ ಮೇಲೆಯೂ ಶ್ರಮದಿಂದ ಹೊಸ ಭಾಷೆಯನ್ನು ಕಲಿತವರು ಅಸಂಖ್ಯರು. ಎರಡು ಮೂರು ಭಾಷೆಗಳನ್ನು ಒಟ್ಟಿಗೆ ಕೇಳಿದರೆ ಮಗು ಗೊಂದಲಗೊಂಡು ಮಾತೇ ತಡವಾಗುವುದೆಂಬ ಭಯಕ್ಕೂ ಆಧಾರವಿಲ್ಲ. ಮನೆಯಲ್ಲಿ ಕನ್ನಡ, ತುಳು ಅಥವಾ ಕೊಂಕಣಿ, ಅಂಗಳದಲ್ಲಿ ಮರಾಠಿ, ಶಾಲೆಯಲ್ಲಿ ಹಿಂದಿ-ಇಂಗ್ಲಿಷ್ ಇವನ್ನೆಲ್ಲ ಮಗುವಿನ ಮಿದುಳು ಸಲೀಸಾಗಿ ಹೊರಬಲ್ಲುದು. ಹೊರಲಾರದ್ದು ಒಂದನ್ನೇ: ಕೇಳದಿದ್ದ ಭಾಷೆಯನ್ನು.

ತಂದೆತಾಯಿಗಳ ಗಮನಕ್ಕೆ

ಇಷ್ಟೆಲ್ಲ ಸಂಶೋಧನೆಯಿಂದ ಗೃಹಸ್ಥರು ಗ್ರಹಿಸಬೇಕಾದ ಅಂಶಗಳನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು.

1. ಮೊದಲು ಕಿವಿ, ಆಮೇಲೆ ಮಾತು. ಹುಟ್ಟಿದ ಒಂದು ತಿಂಗಳೊಳಗೆ ಕೂಸಿನ ಶ್ರವಣಪರೀಕ್ಷೆ, ಸಂಶಯವಿದ್ದರೆ ಮೂರು ತಿಂಗಳೊಳಗೆ ನಿಶ್ಚಿತ ನಿದಾನ, ದೋಷವಿದ್ದರೆ ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ — ಇದು ತಜ್ಞರು ಒಪ್ಪಿದ ಕ್ರಮ. ಪರೀಕ್ಷೆಯಿಂದ ಕೂಸಿಗೆ ನೋವಾಗುವುದಿಲ್ಲ. ಅದು ಮಲಗಿರುವಾಗಲೇ ಮಾಡಬಹುದು.

2. ದೊಡ್ಡ ಸದ್ದಿಗೆ ಬೆಚ್ಚದ ಕೂಸು, ಆರು ತಿಂಗಳಾದರೂ ದನಿ ಬಂದತ್ತ ತಿರುಗದ ಕೂಸು, ಹತ್ತು ತಿಂಗಳಾದರೂ 'ಬಬ', 'ಮಮ' ಎಂದು ತೊದಲದ ಕೂಸು, ಎರಡು ವರ್ಷವಾದರೂ ಎರಡು ಪದಗಳನ್ನು ಕೂಡಿಸಿ ಆಡದ ಮಗು ಇವರನ್ನು ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು. 'ಇವನ ಅಪ್ಪನೂ ತಡವಾಗಿಯೇ ಮಾತನಾಡಿದ್ದ' ಎಂದು ಕಾಯುತ್ತ ಕುಳಿತರೆ ಅಮೂಲ್ಯವಾದ ತಿಂಗಳುಗಳು ನಷ್ಟವಾಗುತ್ತವೆ. ಮುಂಬಯಿಯ ಬಾಂದ್ರಾದಲ್ಲಿ 1983ರಲ್ಲಿ ಸ್ಥಾಪಿತವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯೂ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಈ ಕ್ಷೇತ್ರದ ಸರಕಾರಿ ಸಂಸ್ಥೆಗಳು.

3. ಕೂಸಿನ ಕಿವಿಗೆ ಎಣ್ಣೆ ಬಿಡುವುದು, ಕಡ್ಡಿ ಅಥವಾ ಪಿನ್ನು ಹಾಕಿ ಗುಗ್ಗೆ ತೆಗೆಯುವುದು ಅಪಾಯಕರ. ಕಿವಿ ಸೋರುವುದನ್ನು ಅಲಕ್ಷ್ಯ ಮಾಡಬಾರದು. ಪದೇ ಪದೇ ಸೋರುವ ಕಿವಿಗೆ ಕೇಳುವ ಶಕ್ತಿ ಕುಗ್ಗುತ್ತದೆ, ಅದರೊಂದಿಗೆ ಕಲಿಯುವ ಶಕ್ತಿಯೂ ಕುಗ್ಗುತ್ತದೆ.

4. ಮೊಬೈಲು ಗುರುವಾಗಲಾರದು. ಒಂದು ವರ್ಷ ತುಂಬದ ಕೂಸಿಗೆ ಪರದೆಯ ಮುಂದೆ ಕೂರುವ ಸಮಯ ಬೇಡವೇ ಬೇಡವೆಂದೂ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ. ಪರದೆಯಲ್ಲಿ ಕನ್ನಡದ ಶಿಶುಗೀತೆ ಬರುತ್ತಿದ್ದರೂ ನಿಯಮ ಬದಲಾಗದು.

5. ಮೀಯಿಸುವಾಗ, ಉಣಿಸುವಾಗ, ಮಲಗಿಸುವಾಗ ಮನೆಮಾತಿನಲ್ಲಿ ಮಾತನಾಡುವುದೇ ಮಗುವಿನ ಮೊದಲ ಪಾಠಶಾಲೆ. ಕೂಸು ತೊದಲಿದಾಗ ಉತ್ತರ ಕೊಡಬೇಕು. ಪಾಳಿಯ ಕೆಲಸ ಮುಗಿಸಿ ದಣಿದು ಬರುವ ತಂದೆಗೂ ಕಾಲು ಗಂಟೆಯ ಕಥೆ ಹೇಳುವುದು ಅಸಾಧ್ಯವಲ್ಲ. ಊರಿನಿಂದ ಬಂದ ಅಜ್ಜಿಯನ್ನು 'ಮಗುವಿನ ಇಂಗ್ಲಿಷ್ ಕೆಡುತ್ತದೆ' ಎಂದು ಸುಮ್ಮನಿರಿಸುವುದು ದೊಡ್ಡ ಪ್ರಮಾದ.

ಮುಂಬಯಿಗೆ ಬಂದ ಹಿಂದಿನ ತಲೆಮಾರಿನ ಕನ್ನಡಿಗರು ಹಗಲೆಲ್ಲ ದುಡಿದು ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತರು. ಅವರಿಗೆ ಕನ್ನಡ ಓದು ಕಷ್ಟದ್ದಾಗಿತ್ತು. ಕನ್ನಡ ಮಾತು ಕಷ್ಟದ್ದಾಗಿರಲಿಲ್ಲ, ಏಕೆಂದರೆ ಅದು ಊರಿನಲ್ಲಿ ಕಿವಿಗೆ ಬಿದ್ದಿತ್ತು. ರಬಾಳೆಯಲ್ಲಿ ಹುಟ್ಟಿದ ಮಗುವಿಗೆ ಆ ಊರಿಲ್ಲ. ಅದರ ಪಾಲಿಗೆ ಊರೆಂದರೆ ಮನೆಯೊಳಗಿನ ಎರಡು ಮೂರು ದನಿಗಳು ಮಾತ್ರ.

ಗದ್ದಲ ಏಳುವ ಮೊದಲು ಹಾಡುವ ಮಡಿವಾಳಕ್ಕೆ ಇದೊಂದೂ ತಿಳಿಯದು. ಅದು ತನ್ನ ತೋಟಕ್ಕಾಗಿ, ತನ್ನ ಸಂಗಾತಿಗಾಗಿ ಹಾಡುತ್ತದೆ. ಆದರೆ ಸನಿಹದ ಮರಗಳಲ್ಲಿ ಎಲ್ಲಿಯಾದರೂ ಈ ವರ್ಷದ ಮರಿಯೊಂದಿದ್ದರೆ, ಅದು ಸುಮ್ಮನೆ ಕುಳಿತು ಕೇಳುತ್ತಿರುತ್ತದೆ. ಮುಂದಿನ ಬೇಸಗೆಯಲ್ಲಿ ಅದು ಹಾಡಬೇಕಾದರೆ ಈ ಬೆಳಗಿನ ಹಾಡು ಅದರ ಕಿವಿಗೆ ಬಿದ್ದಿರಬೇಕು.